ತಿರುಚಿದ ಹುರಿಯ ಪುಟ್ಟ ಕವಣೆಯಂತ್ರ: ಮಕ್ಕಳ ಜೊತೆ ಮರದಲ್ಲಿ ಮಾಡುವ ಬಗೆ

ಐಸ್‌ಕ್ರೀಮ್ ಕಡ್ಡಿಗಳಿಗೆ ರಬ್ಬರ್‌ಬ್ಯಾಂಡ್ ಸುತ್ತಿ, ಪ್ಲಾಸ್ಟಿಕ್ ಚಮಚ ಸಿಕ್ಕಿಸಿ, ಹತ್ತು ನಿಮಿಷದಲ್ಲಿ ಮಾಡಿ ಮುಗಿಸುವ ಕವಣೆಯನ್ನು ಅನೇಕ ಮಕ್ಕಳು ಶಾಲೆಯಲ್ಲಿ ಒಮ್ಮೆಯಾದರೂ ಮಾಡಿರುತ್ತಾರೆ. ಅದು ಸಂಜೆಯೊಳಗೆ ಬಿಚ್ಚಿಹೋಗುವುದೂ ಉಂಟು. ಇಲ್ಲಿ ವಿವರಿಸಲಿರುವುದು ಅದಕ್ಕಿಂತ ಗಟ್ಟಿಯಾದದ್ದು: ಎರಡು ಬಿಡುವಿನ ದಿನಗಳನ್ನು ಬೇಡುವ, ಮರದ ಚೌಕಟ್ಟಿನ, ತಿರುಚಿದ ಹುರಿಯಿಂದ ಬಲ ಪಡೆಯುವ ಪುಟ್ಟ ಕವಣೆಯಂತ್ರ. ಉದ್ದ 36 ಸೆಂಟಿಮೀಟರ್, ಅಗಲ 12, ಎತ್ತರ 16. ಎಂಟು ವರ್ಷ ದಾಟಿದ ಮಗುವಿನ ಕೈಗೆ ಈ ಕೆಲಸದ ಮುಕ್ಕಾಲು ಪಾಲನ್ನು ಒಪ್ಪಿಸಬಹುದು, ಮತ್ತು ಹಾಗೆ ಒಪ್ಪಿಸುವುದಕ್ಕೆ ಅನುಕೂಲವಾಗುವಂತೆಯೇ ಈ ವಿನ್ಯಾಸವನ್ನು ಇಟ್ಟಿದ್ದೇನೆ. ಹುರಿ, ತೋಳು, ಬೀಗದ ಮೊಳೆ, ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬಹುದು. ಮಗು ತಪ್ಪು ಮಾಡಿದರೆ ಮರ ಹಾಳಾಗುವುದಿಲ್ಲ, ಅರ್ಧ ಗಂಟೆ ಹಾಳಾಗುತ್ತದೆ, ಅಷ್ಟೆ.

ಕವಣೆ ಎಂದರೆ ನಮ್ಮಲ್ಲಿ ಹಗ್ಗದ ಕವಣೆ. ಉತ್ತರ ಕರ್ನಾಟಕದಲ್ಲಿ ತೆನೆ ಕಟ್ಟಿದ ಜೋಳದ ಹೊಲದ ನಡುವೆ ಅಟ್ಟಣೆ ಹತ್ತಿ ನಿಂತು, ಕವಣೆ ಬೀಸಿ ಹಕ್ಕಿಗಳನ್ನು ಓಡಿಸುವುದನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಬಲ ಬರುವುದು ಬೀಸುವವನ ತೋಳಿನಿಂದ. ನಾವು ಮಾಡಲಿರುವ ಯಂತ್ರದಲ್ಲಿ ಬಲ ಬರುವುದು ಹುರಿಯ ತಿರುಚಿನಿಂದ. ರೋಮನ್ ಸೇನೆ ಬಳಸುತ್ತಿದ್ದ ಒಂಟಿ ತೋಳಿನ ಕವಣೆಯಂತ್ರದ ಕ್ರಮ ಇದು. ಅದಕ್ಕೆ ಅವರು ಇಟ್ಟ ಹೆಸರು ಓನೇಜರ್, ಅಂದರೆ ಕಾಡುಕತ್ತೆ. ನಾಲ್ಕನೆಯ ಶತಮಾನದ ಸೈನಿಕ ಹಾಗೂ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಈ ಹೆಸರಿಗೆ ಕಾರಣವನ್ನೂ ಕೊಟ್ಟಿದ್ದಾನೆ: ಬೇಟೆಗಾರರು ಅಟ್ಟಿಕೊಂಡು ಬಂದಾಗ ಕಾಡುಕತ್ತೆ ಹಿಂಗಾಲಿನಿಂದ ಒದ್ದು ಕಲ್ಲುಗಳನ್ನು ಹಿಂದಕ್ಕೆ ಎಸೆಯುತ್ತದೆ ಎಂಬ ನಂಬಿಕೆ. ಗುಜರಾತಿನ ಕಛ್‌ನ ಸಣ್ಣ ರಣದಲ್ಲಿ ಇಂದಿಗೂ ಇರುವ ಕಾಡುಕತ್ತೆ ಆ ಏಷ್ಯಾದ ಕಾಡುಕತ್ತೆಯದೇ ಒಂದು ಉಪಜಾತಿ. ಈ ಹೆಸರಿನ ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಯಂತ್ರವನ್ನು ಮೊದಲ ಸಲ ಬಿಟ್ಟಾಗ ಅದರ ಹಿಂಭಾಗ ಮೇಜಿನ ಮೇಲೆ ಟಣ್ಣನೆ ನೆಗೆಯುತ್ತದೆ. ಆಗ ಹೇಳಿ.

ಮರ ಮತ್ತು ಸಾಮಾನು

ಬೇಕಾಗಿರುವುದು 4 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಸುಮಾರು ಒಂದೂವರೆ ಮೀಟರ್ ಉದ್ದದ ಒಂದೇ ಒಂದು ರೀಪು. ಮರದಂಗಡಿಗಳಲ್ಲಿ ಇನ್ನೂ ಇಂಚಿನ ಲೆಕ್ಕವೇ ಹೆಚ್ಚು. ಒಂದೂವರೆ ಇಂಚಿಗೆ ಮುಕ್ಕಾಲು ಇಂಚಿನ ರೀಪು ಕೇಳಿದರೆ ನಮ್ಮ ಅಳತೆಗೆ ತೀರ ಹತ್ತಿರದ್ದು ಸಿಗುತ್ತದೆ. ಸಿಲ್ವರ್ ಓಕ್ ಅಥವಾ ಪೈನ್ ಆದರೆ ಮಕ್ಕಳ ಕೈಗರಗಸಕ್ಕೆ ಹದವಾಗಿರುತ್ತದೆ. ತೇಗದ ತುಂಡು ಉಚಿತವಾಗಿ ಸಿಕ್ಕರೆ ಬೇಡವೆನ್ನಬೇಕಿಲ್ಲ, ಆದರೆ ಅದನ್ನು ಕೊಯ್ಯುವಾಗ ಮಗು ಬೇಗ ದಣಿಯುತ್ತದೆ. ಹೊನ್ನೆ, ಮತ್ತಿಯಂತಹ ಗಟ್ಟಿ ಮರಗಳು ಈ ಕೆಲಸಕ್ಕೆ ಬೇಡ. ಬಡಗಿಯ ಅಂಗಡಿಯಲ್ಲಿ ಕೇಳಿದರೆ ಒಲೆಗೆ ಹಾಕಲು ಇಟ್ಟ ರಾಶಿಯಿಂದಲೇ ಎಲ್ಲವೂ ಸಿಕ್ಕಿಬಿಡುವುದುಂಟು.

ಸರಕು ಸಾಗಣೆಯ ಹಳೆಯ ಮರದ ಪ್ಯಾಲೆಟ್‌ಗಳನ್ನು ಬಿಚ್ಚಿ ಬಳಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಂತರರಾಷ್ಟ್ರೀಯ ಸಾಗಣೆಯ ಪ್ಯಾಲೆಟ್‌ಗಳ ಮೇಲೆ ಸುಟ್ಟ ಮುದ್ರೆಯೊಂದಿರುತ್ತದೆ. ಅದರಲ್ಲಿ ಎಚ್‌ಟಿ ಎಂಬ ಅಕ್ಷರಗಳಿದ್ದರೆ ಮರವನ್ನು ಬರಿಯ ಶಾಖದಿಂದ ಹುಳುರಹಿತ ಮಾಡಿದ್ದಾರೆ ಎಂದರ್ಥ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಎರಡನೆಯದನ್ನು ಮಕ್ಕಳ ಆಟಿಕೆಗೆ ಬಳಸಕೂಡದು. ಮುದ್ರೆಯೇ ಇಲ್ಲದ, ಎಣ್ಣೆ ಅಥವಾ ರಾಸಾಯನಿಕದ ಕಲೆಯಿರುವ ಮರವನ್ನೂ ಬಿಟ್ಟುಬಿಡುವುದು ಲೇಸು.

ಇದರ ಜೊತೆಗೆ 14 ಸೆಂ.ಮೀ. ಚೌಕದ, 6 ಮಿ.ಮೀ. ದಪ್ಪದ ಪ್ಲೈವುಡ್ ತುಂಡು ಒಂದು. ತೋಳಿಗಾಗಿ 22 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 1.5 ಸೆಂ.ಮೀ. ದಪ್ಪದ, ಗಂಟಿಲ್ಲದ ನೇರ ಎಳೆಯ ಮರ, 8 ಮಿ.ಮೀ. ದಪ್ಪದ ಗಟ್ಟಿ ಬಿದಿರಿನ ಕಡ್ಡಿ, 2 ಮಿ.ಮೀ. ದಪ್ಪದ ಹೆಣೆದ ನೈಲಾನ್ ದಾರ ಎರಡು ಮೀಟರ್. ನೀರಿನ ಬಾಟಲಿಯ ಮುಚ್ಚಳ. ಒಂದೂವರೆ ಇಂಚಿನ ಹಾಗೂ ಮುಕ್ಕಾಲು ಇಂಚಿನ ಮೊಳೆಗಳು. ತಲೆಯಲ್ಲಿ ಬಳೆಯಿರುವ ಮೂರು ಸಣ್ಣ ಸ್ಕ್ರೂ. ಫೆವಿಕಾಲ್‌ನಂತಹ ಬಿಳಿ ಅಂಟು. ಹುರಿಗೆ ಸೆಣಬಿನ ಸುತ್ತಲಿ ಸಾಲದು; ಹತ್ತಾರು ಸಲ ತಿರುಚಿ ಬಿಟ್ಟರೆ ಅದರ ನಾರು ಕಿತ್ತು ಬರುತ್ತದೆ. ನೈಲಾನ್ ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗುತ್ತದೆ, ನಮಗೆ ಬೇಕಾದ ಗುಣವೇ ಅದು. ರೋಮನ್ನರು ಇದೇ ಕೆಲಸಕ್ಕೆ ಪ್ರಾಣಿಗಳ ಸ್ನಾಯುವಿನ ನಾರನ್ನೂ ಕೂದಲನ್ನೂ ಹೊಸೆದು ಬಳಸುತ್ತಿದ್ದರು.

ಹತ್ಯಾರುಗಳಲ್ಲಿ ಸಣ್ಣ ಹಲ್ಲಿನ ಕೈಗರಗಸ, ಮೂಲೆಮಟ್ಟ, ಸುತ್ತಿಗೆ, ಕೈಯಿಂದ ತಿರುಗಿಸುವ ಬೈರಿಗೆ ಅಥವಾ ವಿದ್ಯುತ್ ಡ್ರಿಲ್, 12 ಮಿ.ಮೀ. ಹಾಗೂ 1.5 ಮಿ.ಮೀ.ನ ಬಿಟ್‌ಗಳು, ದುಂಡು ಅರ, ಎರಡು ಕ್ಲಾಂಪ್, ಮತ್ತು 80 ಹಾಗೂ 120 ನಂಬರಿನ ಸ್ಯಾಂಡ್‌ಪೇಪರ್ ಇದ್ದರೆ ಸಾಕು. ಕಣ್ಣಿಗೆ ಹಾಕುವ ಪಾರದರ್ಶಕ ರಕ್ಷಣಾ ಕನ್ನಡಕ ಎಷ್ಟು ಜನ ಇದ್ದಾರೋ ಅಷ್ಟು ಬೇಕು. ದೊಡ್ಡವರು ತಾವು ಹಾಕಿಕೊಳ್ಳದೆ ಮಕ್ಕಳಿಗೆ ಮಾತ್ರ ಹಾಕಿಸಿದರೆ ಅದು ಹತ್ತು ನಿಮಿಷಕ್ಕಿಂತ ಹೆಚ್ಚು ಅವರ ಮೂಗಿನ ಮೇಲೆ ನಿಲ್ಲುವುದಿಲ್ಲ.

ಅಳೆಯುವುದು, ಕೊಯ್ಯುವುದು

ರೀಪಿನಿಂದ ಎಂಟು ತುಂಡುಗಳು ಬರಬೇಕು: 36 ಸೆಂ.ಮೀ.ನ ಎರಡು ಬದಿಪಟ್ಟಿ, 8 ಸೆಂ.ಮೀ.ನ ಮೂರು ಅಡ್ಡಪಟ್ಟಿ, 12 ಸೆಂ.ಮೀ.ನ ಎರಡು ಕಂಬ ಮತ್ತು 12 ಸೆಂ.ಮೀ.ನ ಒಂದು ತಡೆಪಟ್ಟಿ. ಎಲ್ಲ ಸೇರಿ 132 ಸೆಂ.ಮೀ. ಎಂಟು ಗೆರೆಗಳನ್ನೂ ಒಟ್ಟಿಗೆ ಎಳೆದು ಕೊಯ್ಯಲು ಕೂರುವುದು ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು. ಗರಗಸದ ಹಲ್ಲು ಪ್ರತಿ ಸಲವೂ ಒಂದೆರಡು ಮಿ.ಮೀ. ಮರವನ್ನು ಪುಡಿ ಮಾಡಿ ತಿನ್ನುವುದರಿಂದ ಕೊನೆಯ ತುಂಡುಗಳು ಗಿಡ್ಡವಾಗುತ್ತವೆ. ಒಂದು ತುಂಡು ಕೊಯ್ದ ಮೇಲೆಯೇ ಮುಂದಿನದನ್ನು ಅಳೆಯಲಿ. ಬದಿಪಟ್ಟಿಗಳೆರಡೂ ಒಂದೇ ಉದ್ದವಿರಬೇಕು, ಅಡ್ಡಪಟ್ಟಿ ಮೂರೂ ಒಂದೇ ಉದ್ದವಿರಬೇಕು, 8 ಸೆಂ.ಮೀ. ಬದಲು 7.8 ಆಯಿತೆಂದರೆ ಚಿಂತೆಯಿಲ್ಲ, ಮೂರೂ 7.8 ಆಗಿದ್ದರೆ ಸಾಕು. ಅಳತೆಪಟ್ಟಿಗಿಂತ ಮೊದಲು ಕೊಯ್ದ ತುಂಡನ್ನೇ ಮಾದರಿಯಾಗಿ ಇಟ್ಟುಕೊಂಡು ಗೆರೆ ಎಳೆಯುವುದು ಈ ಕಾರಣಕ್ಕೆ ಉತ್ತಮ.

ಮೂಲೆಮಟ್ಟ ಇಟ್ಟು ಒಂದು ಮುಖಕ್ಕೆ ಮಾತ್ರವಲ್ಲ, ಪಕ್ಕದ ಮುಖಕ್ಕೂ ಗೆರೆಯನ್ನು ಇಳಿಸಬೇಕು. ಮರವನ್ನು ಮೇಜಿನ ಅಂಚಿಗೆ ಕ್ಲಾಂಪ್ ಮಾಡಿದ ಮೇಲೆ ಮಗು ಎರಡೂ ಕೈಗಳಿಂದ ಗರಗಸ ಹಿಡಿಯಲಿ. ಹಾಗೆ ಹಿಡಿದರೆ ಗರಗಸದ ದಾರಿಯಲ್ಲಿ ಸಿಗಲು ಇನ್ನೊಂದು ಕೈ ಇರುವುದೇ ಇಲ್ಲ. ಮೊದಲ ನಾಲ್ಕೈದು ಎಳೆತ ಹಿಮ್ಮುಖವಾಗಿ, ಹಗುರವಾಗಿ. ಒಂದು ಸಣ್ಣ ಗೀರು ಬಿದ್ದ ಮೇಲೆ ಉದ್ದನೆಯ ನಿಧಾನದ ಎಳೆತ. ಪ್ಲೈವುಡ್ ಚೌಕವನ್ನು ಮೂಲೆಯಿಂದ ಮೂಲೆಗೆ ಕೊಯ್ದರೆ ಎರಡು ಮುಕ್ಕೋನಗಳು ಬರುತ್ತವೆ. ಆ ಕೊಯ್ತ ದೊಡ್ಡವರದು. ಪ್ಲೈ ಸೀಳಿ ಚೂರೇಳುತ್ತದೆ.

ತುಂಡುಗಳ ಅಂಚುಗಳನ್ನು 80 ನಂಬರಿನಿಂದ ಆರಂಭಿಸಿ 120ರಲ್ಲಿ ಮುಗಿಸುವಂತೆ ತಿಕ್ಕಬೇಕು, ಎಳೆಯ ದಿಕ್ಕಿನಲ್ಲೇ. ಐದಾರು ವರ್ಷದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಈ ಕೆಲಸ ಅವರಿಗೆ ಮೀಸಲು.

ಹುರಿಯ ತೂತು ಮತ್ತು ಚೌಕಟ್ಟು

ಅಂಟು ಹಚ್ಚುವುದಕ್ಕೆ ಮೊದಲು ತೂತು ಕೊರೆಯಬೇಕು. ಬದಿಪಟ್ಟಿಯ ಒಂದು ತುದಿಗೆ 'ಮುಂದೆ' ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಆ ತುದಿಯಿಂದ 18 ಸೆಂ.ಮೀ. ದೂರದಲ್ಲಿ, ಅಂದರೆ ಪಟ್ಟಿಯ ಸರಿಯಾದ ನಡುವಿನಲ್ಲಿ, 4 ಸೆಂ.ಮೀ. ಅಗಲದ ಮುಖದ ಮಧ್ಯಬಿಂದುವನ್ನು ಗುರುತಿಸಬೇಕು. ಎರಡು ಬದಿಪಟ್ಟಿಗಳನ್ನೂ ಒಂದರ ಮೇಲೊಂದಿಟ್ಟು ಕ್ಲಾಂಪ್ ಬಿಗಿದು, ಅಡಿಯಲ್ಲೊಂದು ಬೇಡದ ಮರವಿಟ್ಟು, 12 ಮಿ.ಮೀ. ಬಿಟ್‌ನಿಂದ ಎರಡನ್ನೂ ಒಂದೇ ಸಲಕ್ಕೆ ಕೊರೆದರೆ ತೂತುಗಳು ಎದುರುಬದುರಾಗಿ ಕೂರುತ್ತವೆ. ಅಡಿಯ ಮರ ಇಲ್ಲದಿದ್ದರೆ ಬಿಟ್ ಹೊರಬರುವ ಕಡೆ ಮರ ಸಿಡಿಯುತ್ತದೆ. ತೂತಿನ ಒಳಬಾಯಿ ಹೊರಬಾಯಿಗಳ ಚೂಪು ಅಂಚನ್ನು ದುಂಡು ಅರದಿಂದ ಚೆನ್ನಾಗಿ ಸವರಿ ಉರುಟು ಮಾಡುವುದು ಕಡ್ಡಾಯ. ಹುರಿ ತುಂಡಾಗುವುದು ಸಾಮಾನ್ಯವಾಗಿ ಎಳೆತದಿಂದಲ್ಲ, ಈ ಅಂಚಿನ ಉಜ್ಜಾಟದಿಂದ.

ಈಗ ಮೂರು ಅಡ್ಡಪಟ್ಟಿಗಳನ್ನು ಬದಿಪಟ್ಟಿಗಳ ನಡುವೆ ಕೂರಿಸಬೇಕು: ಒಂದು ಮುಂದಿನ ತುದಿಯಲ್ಲಿ, ಒಂದು ಹಿಂದಿನ ತುದಿಯಲ್ಲಿ, ಮೂರನೆಯದು ಮುಂದಿನಿಂದ 11 ಸೆಂ.ಮೀ. ದೂರದಲ್ಲಿ. ತಿರುಚಿದ ಹುರಿ ಬದಿಪಟ್ಟಿಗಳನ್ನು ಒಳಕ್ಕೆ ಸೆಳೆಯುತ್ತದೆ. ಆ ಸೆಳೆತಕ್ಕೆ ಎದುರು ನಿಲ್ಲುವುದು ಮೂರನೆಯ ಅಡ್ಡಪಟ್ಟಿ. ಸೆಳೆತ ಒಳಮುಖವಾಗಿರುವುದರಿಂದ ಈ ಸೇರಿಕೆಗಳು ಬಿಚ್ಚಿಕೊಳ್ಳುವ ಭಯವೂ ಇಲ್ಲ. ಅಂಟು ಹಚ್ಚಿ, ಪ್ರತಿ ಸೇರಿಕೆಗೂ ಹೊರಗಿನಿಂದ ಒಂದೂವರೆ ಇಂಚಿನ ಎರಡು ಮೊಳೆ ಹೊಡೆಯಿರಿ. ಮೊಳೆಯ ಜಾಗದಲ್ಲಿ ಮೊದಲೇ 1.5 ಮಿ.ಮೀ. ತೂತು ಮಾಡಿಕೊಂಡರೆ ಪಟ್ಟಿಯ ತುದಿ ಸೀಳುವುದಿಲ್ಲ. ಬಡಗಿಗಳು ಇನ್ನೊಂದು ಉಪಾಯ ಮಾಡುತ್ತಾರೆ: ಮೊಳೆಯ ಮೊನೆಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ ಮೊಂಡಾಗಿಸಿಕೊಳ್ಳುತ್ತಾರೆ. ಚೂಪು ಮೊಳೆ ಎಳೆಗಳನ್ನು ಬೆಣೆಯಂತೆ ಸೀಳುತ್ತದೆ, ಮೊಂಡು ಮೊಳೆ ಅವುಗಳನ್ನು ಜಜ್ಜಿಕೊಂಡು ಒಳಹೋಗುತ್ತದೆ. ಎರಡನ್ನೂ ಬೇಡದ ತುಂಡೊಂದರ ತುದಿಗೆ ಹೊಡೆದು ತೋರಿಸಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕಂಬಗಳು ಬದಿಪಟ್ಟಿಯ ಮೇಲಂಚಿನ ಮೇಲೆ ನೆಟ್ಟಗೆ ನಿಲ್ಲುತ್ತವೆ, ಅವುಗಳ 4 ಸೆಂ.ಮೀ. ಅಗಲದ ಮುಖ ಹೊರಕ್ಕೆ ಬರುವಂತೆ. ಕಂಬದ ಹಿಂದಿನ ಅಂಚು ಮುಂದಿನ ತುದಿಯಿಂದ 15 ಸೆಂ.ಮೀ. ದೂರದಲ್ಲಿರಬೇಕು. ಈ ಕಂಬವನ್ನು ಹಿಡಿದು ನಿಲ್ಲಿಸುವುದು ಪ್ಲೈ ಮುಕ್ಕೋನ. ಅದರ ಲಂಬಕೋನದ ಮೂಲೆ ಬದಿಪಟ್ಟಿಯ ಕೆಳಂಚಿನಲ್ಲಿ, ಸರಿಯಾಗಿ 15ರ ಗುರುತಿನ ಮೇಲೆ ಕೂರಲಿ. ಒಂದು ಬದಿ ಕಂಬದ ಹಿಂದಿನ ಅಂಚಿನ ಜೊತೆ ಮೇಲಕ್ಕೆ, ಇನ್ನೊಂದು ಬದಿ ಪಟ್ಟಿಯ ಕೆಳಂಚಿನ ಜೊತೆ ಮುಂದಕ್ಕೆ ಹೋಗಲಿ. ಹೀಗೆ ಮುಕ್ಕೋನವೇ ಕಂಬವನ್ನು ನೆಟ್ಟಗೂ ನಿಲ್ಲಿಸುತ್ತದೆ, ತೋಳು ಮುಂದಕ್ಕೆ ಬಡಿದಾಗ ಆನಿಕೆಯೂ ಆಗುತ್ತದೆ. ಅಂಟಿನ ಜೊತೆ ಮುಕ್ಕಾಲು ಇಂಚಿನ ಮೊಳೆಗಳನ್ನು ಕಂಬಕ್ಕೆ ಮೂರು, ಬದಿಪಟ್ಟಿಗೆ ಮೂರು ಹೊಡೆಯಿರಿ. ಎರಡೂ ಬದಿ ಮುಗಿದ ಮೇಲೆ ತಡೆಪಟ್ಟಿಯನ್ನು ಎರಡು ಕಂಬಗಳ ಮೇಲ್ತುದಿಗೆ, ಅವುಗಳ ಹಿಂದಿನ ಅಂಚಿನ ಮೇಲೆ ಅಡ್ಡಲಾಗಿ ಅಂಟಿಸಿ ಮೊಳೆ ಹೊಡೆಯಬೇಕು.

ಹಿಂದಿನ ಅಂಚು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ನಾನು ಮೊದಲ ಸಲ ಮಾಡಿದಾಗ ನೋಡಲು ಚೆಂದವೆಂದು ತಡೆಪಟ್ಟಿಯನ್ನು ಕಂಬದ ಮುಂದೆ ಹೊಡೆದಿದ್ದೆ. ಇಪ್ಪತ್ತನೆಯ ಎಸೆತಕ್ಕೆ ಪಟ್ಟಿ ಮೊಳೆಯ ಸಮೇತ ಕಿತ್ತು, ಎಸೆದ ಚೆಂಡಿಗಿಂತ ದೂರ ಹೋಗಿ ಬಿದ್ದಿತು. ಹಿಂದೆ ಇದ್ದರೆ ತೋಳಿನ ಏಟು ಪಟ್ಟಿಯನ್ನು ಕಂಬಕ್ಕೇ ಒತ್ತುತ್ತದೆ, ಮೊಳೆಗೆ ಭಾರವೇ ಬೀಳುವುದಿಲ್ಲ.

ಚೌಕಟ್ಟನ್ನು ಇಡೀ ರಾತ್ರಿ ಒಣಗಲು ಬಿಡಿ. ಬಿಳಿ ಅಂಟು ಒಂದು ಗಂಟೆಯಲ್ಲಿ ಹಿಡಿದಂತೆ ಕಂಡರೂ ಪೂರ್ತಿ ಬಲ ಬರಲು ಸುಮಾರು 24 ಗಂಟೆ ಬೇಕು. ಮಕ್ಕಳಿಗೆ ಕಾಯುವುದು ಕಷ್ಟವಾದರೆ ಆ ಸಂಜೆ ತೋಳಿನ ಕೆಲಸ ಕೊಡಬಹುದು.

ತೋಳು

ತೋಳು ಬೀಸುವ ದಿಕ್ಕಿನಲ್ಲಿ 2 ಸೆಂ.ಮೀ. ದಪ್ಪವಿರಲಿ, ಅಡ್ಡ ದಿಕ್ಕಿನಲ್ಲಿ 1.5. ಕೆಳತುದಿಯಿಂದ 1.5 ಸೆಂ.ಮೀ. ಮೇಲೆ, ಮುಂದಿನ ಮುಖಕ್ಕೂ ಹಿಂದಿನ ಮುಖಕ್ಕೂ ಅಡ್ಡಲಾಗಿ 2 ಮಿ.ಮೀ. ಆಳದ ಉರುಟಾದ ಕಚ್ಚನ್ನು ದುಂಡು ಅರದಿಂದ ಕೊರೆಯಬೇಕು. ಹುರಿ ಅದರಲ್ಲಿ ಕೂತು ತೋಳು ಜಾರದಂತೆ ಹಿಡಿಯುತ್ತದೆ. ಇದಕ್ಕಿಂತ ತೀರ ಆಳ ಮಾಡಿದರೆ ಏಟು ಬೀಳುವಾಗ ತೋಳು ಅಲ್ಲೇ ಮುರಿದೀತು. ಮೇಲ್ತುದಿಯ ಹಿಂದಿನ ಮುಖಕ್ಕೆ ಬಾಟಲಿಯ ಮುಚ್ಚಳವನ್ನು ಬಟ್ಟಲಿನಂತೆ ಒಂದು ಸಣ್ಣ ಸ್ಕ್ರೂನಿಂದ ಬಿಗಿಯಿರಿ. ತೋಳನ್ನು ಹಿಂದಕ್ಕೆ ಮಲಗಿಸಿದಾಗ ಆ ಮುಖ ಕೆಳಗಾಗುತ್ತದಲ್ಲವೇ ಎಂದು ಚುರುಕಾದ ಮಗು ಕೇಳುತ್ತದೆ. ಹೌದು, ಆಗುತ್ತದೆ, ಬಟ್ಟಲು ಇರಬೇಕಾದದ್ದು ಮುಂದಿನ ಮುಖದಲ್ಲಿ! ಈ ಕೆಲಸದಲ್ಲಿ ಎಲ್ಲರೂ ಎಡವುವ ಜಾಗ ಇದಾದ್ದರಿಂದ ಬೇಕೆಂದೇ ಹೀಗೆ ಬರೆದೆ. ಸ್ಕ್ರೂ ಬಿಗಿಯುವ ಮುನ್ನ ತೋಳನ್ನು ಚೌಕಟ್ಟಿನ ಪಕ್ಕ ಹಿಡಿದು, ಒಮ್ಮೆ ಹಿಂದಕ್ಕೆ ಮಲಗಿಸಿ, ಆಗ ಮೇಲಕ್ಕೆ ಬರುವ ಮುಖಕ್ಕೆ ಪೆನ್ಸಿಲ್ ಗುರುತು ಹಾಕಿಸಿ. ಬಟ್ಟಲಿನ ಜಾಗ ಆ ಗುರುತೇ.

ಕೆಳತುದಿಯಿಂದ 18.5 ಸೆಂ.ಮೀ. ದೂರದಲ್ಲಿ, ಹಿಂದಿನ ಮುಖಕ್ಕೆ ಬಳೆಯ ಸ್ಕ್ರೂ ಒಂದನ್ನು ತಿರುಗಿಸಿ ಕೂರಿಸಿ. ಉಳಿದೆರಡು ಬಳೆಗಳು ಹಿಂದಿನ ಅಡ್ಡಪಟ್ಟಿಯ ಮೇಲಂಚಿಗೆ, ನಡುವಿನಿಂದ ಎಡಕ್ಕೊಂದು ಬಲಕ್ಕೊಂದು, ಪರಸ್ಪರ 2 ಸೆಂ.ಮೀ. ಅಂತರದಲ್ಲಿ. ತೋಳನ್ನು ಮಲಗಿಸಿದಾಗ ಅದರ ಬಳೆ ಈ ಎರಡರ ನಡುವೆ ಇಳಿಯುತ್ತದೆ; ಮೂರರೊಳಗೂ ಒಂದು ನುಣುಪಾದ ಮೊಳೆ ತೂರಿಸಿದರೆ ಬೀಗ ಬಿದ್ದಂತೆ. ಮೊಳೆಯ ತಲೆಗೆ ಒಂದು ಮೀಟರ್ ದಾರ ಕಟ್ಟಿ, ಪಕ್ಕದಲ್ಲಿ ನಿಂತು ಎಳೆದರೆ ತೋಳು ಬಿಡುತ್ತದೆ. ಬೆರಳಿನಿಂದ ಹಿಡಿದು ಬಿಡುವುದಕ್ಕಿಂತ ಇದು ಮೇಲು. ಬೆರಳಿಗೆ ಏಟು ಬೀಳುವುದಿಲ್ಲ, ಜೊತೆಗೆ ಪ್ರತಿ ಸಲವೂ ತೋಳು ಒಂದೇ ಜಾಗದಿಂದ ಹೊರಡುತ್ತದೆ. ಮುಂದೆ ದೂರ ಅಳೆಯುವಾಗ ಈ ಎರಡನೆಯ ಲಾಭ ದೊಡ್ಡದು.

ಹುರಿ ಕಟ್ಟುವುದು, ತಿರುಚುವುದು

ಇಡೀ ಯಂತ್ರದ ಜೀವ ಇಲ್ಲಿದೆ, ಹಾಗಾಗಿ ಅವಸರ ಬೇಡ. ಬಿದಿರಿನ ಕಡ್ಡಿಯಿಂದ 5 ಸೆಂ.ಮೀ.ನ ಎರಡು ತುಂಡು ಕೊಯ್ದು ತಿಕ್ಕಿ ನುಣುಪು ಮಾಡಿಕೊಳ್ಳಿ, ಇವು ತಿರುವುಗಡ್ಡಿಗಳು. ಇದಕ್ಕಿಂತ ಉದ್ದವಿದ್ದರೆ ತಿರುಗುವಾಗ ಪ್ಲೈ ಮುಕ್ಕೋನಕ್ಕೆ ತಾಗುತ್ತವೆ. ಪ್ರತಿ ತೂತಿನ ಹೊರಬದಿಯಲ್ಲಿ ಒಂದು ಕಡ್ಡಿಯನ್ನು ತೂತಿಗೆ ಅಡ್ಡವಾಗಿ, ನೆಟ್ಟಗೆ ಮೇಲೆ-ಕೆಳಗೆ ಇರುವಂತೆ ಹಿಡಿಯಬೇಕು. ದಾರವನ್ನು ಎಡತೂತಿನಿಂದ ಒಳಹಾಕಿ, ಬಲತೂತಿನಿಂದ ಹೊರತಂದು, ಬಲಗಡ್ಡಿಯನ್ನು ಮುಂಬದಿಯಿಂದ ಹಿಂಬದಿಗೆ ಬಳಸಿ, ಮತ್ತೆ ಅದೇ ತೂತಿನಿಂದ ಒಳತಂದು ಎಡಕ್ಕೆ ಒಯ್ದು, ಎಡಗಡ್ಡಿಯನ್ನು ಬಳಸಿ ಬರಬೇಕು. ಹೀಗೆ ಆರು ಸುತ್ತು. ಪ್ರತಿ ಸುತ್ತಿಗೂ ದಾರವನ್ನು ಒಂದೇ ಸಮನೆ ಬಿಗಿಯಾಗಿ ಎಳೆಯಬೇಕು, ಒಂದು ಸಡಿಲ ಒಂದು ಬಿಗಿ ಆದರೆ ಭಾರವೆಲ್ಲ ಬಿಗಿಯಾದ ಎಳೆಯ ಮೇಲೆ ಬೀಳುತ್ತದೆ. ಕೊನೆಗೆ ಎರಡು ತುದಿಗಳನ್ನೂ ಕಡ್ಡಿಯ ಪಕ್ಕದಲ್ಲಿ ಜೋಡಿ ಗಂಟು ಹಾಕಿ, ತುದಿಯನ್ನು ದೊಡ್ಡವರು ಮೇಣದಬತ್ತಿಯ ಉರಿಗೆ ಹಿಡಿದು ಕರಗಿಸಿದರೆ ಎಳೆ ಬಿಚ್ಚುವುದಿಲ್ಲ. ಮೊದಲ ಮೂರು ಸುತ್ತಿನ ಬಳಿಕ ತೂತು ಇಕ್ಕಟ್ಟಾಗುತ್ತದೆ. ಮಡಚಿದ ಸಣ್ಣ ತಂತಿಯನ್ನು ಸೂಜಿಯಂತೆ ಬಳಸಬಹುದು.

ಈಗ ನೋಡಿದರೆ ಚೌಕಟ್ಟಿನೊಳಗೆ ಆರು ಎಳೆ ಮುಂದೆ, ಆರು ಎಳೆ ಹಿಂದೆ ಇವೆ. ತೋಳಿನ ಕೆಳತುದಿಯನ್ನು ಈ ಎರಡು ಗುಂಪುಗಳ ನಡುವೆ, ಚೌಕಟ್ಟಿನ ನಟ್ಟನಡುವಿಗೆ ಇಳಿಸಿ, ಕಚ್ಚುಗಳಲ್ಲಿ ಹುರಿ ಕೂರುವಂತೆ ಮಾಡಿ.

ತಿರುಚುವ ದಿಕ್ಕನ್ನು ವಿವರಿಸುವುದು ಮಾಡುವುದಕ್ಕಿಂತ ಕಷ್ಟ. ಪ್ರತಿ ಕಡ್ಡಿಯನ್ನೂ ಗಡಿಯಾರದ ಮುಳ್ಳಿನಂತೆ ತಿರುಗಿಸು ಎಂದು ಹೇಳಿದರೆ ಕೆಲಸ ಕೆಡುತ್ತದೆ, ಏಕೆಂದರೆ ಎಡಬದಿಯಲ್ಲಿ ಕೂತವರ ಗಡಿಯಾರದ ದಿಕ್ಕು ಬಲಬದಿಯಲ್ಲಿ ಕೂತವರಿಗೆ ತಿರುವುಮುರುವು. ಎರಡು ಬದಿಯ ತಿರುಚು ಒಂದನ್ನೊಂದು ಕಳೆದು, ತೋಳು ಬಲವಿಲ್ಲದೆ ಜೋತುಬೀಳುತ್ತದೆ. ಹೀಗೆ ಹೇಳಿ: ಈ ಎರಡು ಕಡ್ಡಿಗಳು ಗಾಡಿಯ ಎರಡು ಚಕ್ರ, ಗಾಡಿ ಮುಂದಕ್ಕೆ ಹೋಗುತ್ತಿದೆ. ಎರಡು ಕಡ್ಡಿಗಳ ಮೇಲ್ತುದಿಯೂ ಮುಂದಕ್ಕೆ ಉರುಳುವಂತೆ ತಿರುಗಿಸಿದರೆ ತೋಳೂ ಮುಂದಕ್ಕೇ ಒತ್ತಿಕೊಳ್ಳುತ್ತದೆ.

ಚೌಕಟ್ಟನ್ನು ದೊಡ್ಡವರು ಮೇಜಿನಿಂದ ಎತ್ತಿ ಹಿಡಿದುಕೊಂಡು, ಮಗು ಒಂದು ಬದಿಗೆ ಒಂದು ಸುತ್ತು, ಮತ್ತೊಂದು ಬದಿಗೆ ಒಂದು ಸುತ್ತು ಎಂದು ಎಣಿಸುತ್ತ ತಿರುಗಿಸಲಿ. ಒಂದು ಬದಿ ತಿರುಗಿಸುವಾಗ ಇನ್ನೊಂದು ಬದಿಯ ಕಡ್ಡಿಯನ್ನು ಬಿಡಕೂಡದು, ಅದು ಬೆರಳಿಗೆ ಬಡಿದು ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಮೊದಲ ಪ್ರಯೋಗಕ್ಕೆ ಪ್ರತಿ ಬದಿಗೆ ಎರಡೂಕಾಲು ಸುತ್ತು ಸಾಕು. ಆ ಕಾಲು ಸುತ್ತು ಏಕೆಂದರೆ, ನೆಟ್ಟಗೆ ಇದ್ದ ಕಡ್ಡಿ ಆಗ ಅಡ್ಡ ಮಲಗುತ್ತದೆ, ನೆಲಕ್ಕೆ ತಾಗುವುದಿಲ್ಲ. ಬಿಟ್ಟರೆ ಅದರ ಮುಂದಿನ ತುದಿ ಮೇಲಕ್ಕೆ ಏಳಲು ನೋಡುತ್ತದೆ. ಆದ್ದರಿಂದ ಮುಂದಿನ ತುದಿಯ ಮೇಲಂಚಿಗೆ ತಾಗುವಂತೆ ಬದಿಪಟ್ಟಿಯಲ್ಲಿ 1.5 ಮಿ.ಮೀ. ತೂತು ಮಾಡಿ, ಅದರೊಳಗೆ ಮೊಳೆಯೊಂದನ್ನು ಕೈಯಿಂದಲೇ ಒತ್ತಿ ಸಿಕ್ಕಿಸಿ. ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಬೇಡಿ. ತಿರುಚು ಹೆಚ್ಚು ಕಡಿಮೆ ಮಾಡಬೇಕಾದಾಗಲೆಲ್ಲ ಅದನ್ನು ಕಿತ್ತು ಮತ್ತೆ ಹಾಕಬೇಕಾಗುತ್ತದೆ.

ತೋಳು ಈಗ ತಡೆಪಟ್ಟಿಗೆ ಒತ್ತಿಕೊಂಡು ನೆಟ್ಟಗೆ ನಿಂತಿರಬೇಕು. ಅದು ಬಡಿಯುವ ಜಾಗಕ್ಕೆ ಹಳೆಯ ಬಟ್ಟೆಯ ನಾಲ್ಕೈದು ಮಡಿಕೆ ಸುತ್ತಿ ದಾರ ಕಟ್ಟಿ. ಅಮ್ಮಿಯಾನಸ್ ವಿವರಿಸುವ ದೊಡ್ಡ ಯಂತ್ರದಲ್ಲೂ ತೋಳು ಬಂದು ಬಡಿಯುವಲ್ಲಿ ಸಣ್ಣ ಹೊಟ್ಟು ತುಂಬಿದ ಕೂದಲುಬಟ್ಟೆಯ ದಿಂಬು ಇರುತ್ತಿತ್ತು. ಆ ಯಂತ್ರವನ್ನು ಕಲ್ಲಿನ ಗೋಡೆಯ ಮೇಲೆ ಇಡಬಾರದು, ಹುಲ್ಲುಹೆಂಟೆ ಅಥವಾ ಹಸಿ ಇಟ್ಟಿಗೆಯ ರಾಶಿಯ ಮೇಲೆ ಇಡಬೇಕು, ಇಲ್ಲವಾದರೆ ಅದರ ಒದೆತಕ್ಕೆ ಗೋಡೆಯೇ ಸಡಿಲುತ್ತದೆ ಎಂದೂ ಅವನು ಬರೆದಿದ್ದಾನೆ. ನಮ್ಮ ಮನೆಯ ಮೇಜಿಗೆ ಮಡಚಿದ ಗೋಣಿತಾಟು ಸಾಕು.

ಎಸೆಯುವುದು ಏನನ್ನು, ಎಲ್ಲಿ

ಕಲ್ಲು, ಗೋಲಿ, ಹುಣಸೆಬೀಜ, ಇಂತಹ ಗಟ್ಟಿ ವಸ್ತುಗಳು ಯಾವುದೂ ಬೇಡ. ಒಂದು ಎ4 ಹಾಳೆ ಸಾಕು. ಅಂಗಡಿಯಲ್ಲಿ 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ, ಎಂದು ಮಾರುವ ಹಾಳೆ ಒಂದಕ್ಕೆ ಸರಿಯಾಗಿ 5 ಗ್ರಾಂ ತೂಗುತ್ತದೆ, ಏಕೆಂದರೆ ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಅರ್ಧ ಹಾಳೆ ಉಂಡೆ ಕಟ್ಟಿದರೆ ಎರಡೂವರೆ ಗ್ರಾಂ, ಮುಚ್ಚಳದಲ್ಲಿ ಚೆನ್ನಾಗಿ ಕೂರುತ್ತದೆ. ತಕ್ಕಡಿ ಇಲ್ಲದೆಯೇ ತೂಕ ಗೊತ್ತಿರುವ ಗುಂಡು ಸಿಕ್ಕಂತಾಯಿತು. ಸ್ಪಂಜಿನ ತುಂಡು, ಹತ್ತಿಯುಂಡೆಗಳೂ ಆಗಬಹುದು.

ಯಂತ್ರದ ಮುಂದೆ ಯಾರೂ ಇರಕೂಡದು. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎಲ್ಲರೂ ಅದರ ಹಿಂದೆ ನಿಂತ ಮೇಲೆಯೇ ದಾರ ಎಳೆಯಬೇಕು. ಬೀಗ ಹಾಕಿದ ಯಂತ್ರದ ಮೇಲೆ ಮುಖ ಬಗ್ಗಿಸಬಾರದು. ನಾಯಿ, ಬೆಕ್ಕು, ಹಕ್ಕಿ, ತಮ್ಮ ಯಾರೂ ಗುರಿಯಲ್ಲ. ಲೋಟಗಳನ್ನು ಒಂದರ ಮೇಲೊಂದು ಪೇರಿಸಿ ಕೋಟೆ ಮಾಡಿಕೊಟ್ಟರೆ ಸಾಕಷ್ಟು ಹೊತ್ತು ಆಡುತ್ತಾರೆ.

ಹದ ಮಾಡುವುದು

ಮೊದಲ ಎಸೆತದಲ್ಲಿ ಉಂಡೆ ಒಂದು ಮೀಟರ್ ದಾಟದೆ ಇರಬಹುದು. ಬೇಸರಪಡಬೇಕಿಲ್ಲ, ಯಂತ್ರ ಸರಿಯಾಗಿಯೇ ಇದೆ. ತೋಳು ನೆಟ್ಟಗೆ ನಿಂತಾಗ ತಡೆಗೆ ಬಡಿಯುವುದರಿಂದ ಉಂಡೆ ಅಡ್ಡ ದಿಕ್ಕಿನಲ್ಲಿ, ನೆಲಕ್ಕೆ ಸಮಾನಾಂತರವಾಗಿ ಹೊರಡುತ್ತದೆ. ಬಟ್ಟಲಿನ ಎತ್ತರ ಸುಮಾರು 22 ಸೆಂ.ಮೀ. ಅಷ್ಟು ಎತ್ತರದಿಂದ ಬೀಳಲು ಸೆಕೆಂಡಿನ ಐದನೆಯ ಒಂದು ಭಾಗ ಸಾಕು. ಎಷ್ಟೇ ವೇಗವಾಗಿ ಹೊರಟರೂ ಉಂಡೆಗೆ ಇರುವ ಕಾಲಾವಕಾಶ ಅಷ್ಟೇ. ಅದೇ ಯಂತ್ರವನ್ನು 75 ಸೆಂ.ಮೀ. ಎತ್ತರದ ಮೇಜಿನ ಮೇಲೆ ಇಟ್ಟರೆ ಬೀಳುವ ಸಮಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ದೂರವೂ ಹಾಗೆಯೇ ಬೆಳೆಯುತ್ತದೆ.

ಇನ್ನೊಂದು ದಾರಿ, ಮತ್ತು ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯದ್ದು, ತೋಳನ್ನು ಬೇಗ ತಡೆಯುವುದು. ತಡೆಪಟ್ಟಿಯ ಹಿಂಬದಿಗೆ, ಅಂದರೆ ತೋಳು ಬರುವ ಬದಿಯಲ್ಲಿ, 3 ಸೆಂ.ಮೀ. ದಪ್ಪದ ಮರದ ತುಂಡನ್ನು ದಾರದಿಂದ ಕಟ್ಟಿದರೆ ತೋಳು ಸುಮಾರು 14 ಡಿಗ್ರಿ ಮುಂಚೆಯೇ ನಿಲ್ಲುತ್ತದೆ, ಉಂಡೆ ಅಷ್ಟೇ ಕೋನದಲ್ಲಿ ಮೇಲ್ಮುಖವಾಗಿ ಹೊರಡುತ್ತದೆ. 5 ಸೆಂ.ಮೀ. ತುಂಡಿಗೆ ಸುಮಾರು 23 ಡಿಗ್ರಿ. ಗಾಳಿಯ ತಡೆ ಇಲ್ಲದಿದ್ದರೆ, ಹೊರಟ ಎತ್ತರದಲ್ಲೇ ಬೀಳುವ ವಸ್ತು ಅತಿ ದೂರ ಹೋಗುವುದು 45 ಡಿಗ್ರಿಯಲ್ಲಿ ಎಂದು ಪಾಠದಲ್ಲಿ ಬರುತ್ತದೆ. ಇಲ್ಲಿ ಅಷ್ಟು ದಪ್ಪದ ತುಂಡು ಇಟ್ಟರೆ ತೋಳಿಗೆ ವೇಗ ಪಡೆಯಲು ದಾರಿಯೇ ಉಳಿಯುವುದಿಲ್ಲ. ಕೋನ ಬೇಕೆಂದರೆ ವೇಗ ಬಿಡಬೇಕು. ಎರಡರ ನಡುವಿನ ಒಳ್ಳೆಯ ಜಾಗ ಯಾವುದು ಎಂಬುದನ್ನು ಮಕ್ಕಳೇ ಅಳೆದು ಹುಡುಕಲಿ: ಪ್ರತಿ ದಪ್ಪಕ್ಕೂ ಐದೈದು ಎಸೆತ, ಉಂಡೆ ಮೊದಲು ನೆಲ ಮುಟ್ಟಿದ ಜಾಗಕ್ಕೆ ಅಳತೆ, ಸರಾಸರಿ, ನೋಟುಪುಸ್ತಕದಲ್ಲಿ ಒಂದು ಸಾಲು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ತುಂಡಿನ ದಪ್ಪ ಬದಲಿಸುವಾಗ ಹುರಿಯ ಸುತ್ತು ಮುಟ್ಟಕೂಡದು.

ಹುರಿಯ ತಿರುಚನ್ನು ಅರ್ಧರ್ಧ ಸುತ್ತಿನಂತೆ ಹೆಚ್ಚಿಸಬಹುದು, ಎರಡೂ ಬದಿಗೆ ಸಮನಾಗಿ. ಬದಿಪಟ್ಟಿಗಳು ಒಳಕ್ಕೆ ಬಾಗುವುದು ಕಣ್ಣಿಗೆ ಕಂಡರೆ ಅಥವಾ ಹುರಿ ಕರಕರ ಎಂದರೆ ಅಲ್ಲಿಗೆ ನಿಲ್ಲಿಸಿ, ಅರ್ಧ ಸುತ್ತು ಹಿಂದಕ್ಕೆ ಬನ್ನಿ.

ತೋಳು ಒಂದು ಬದಿಗೆ ವಾಲಿ ಹೊಡೆದರೆ ಎರಡು ಬದಿಯ ಸುತ್ತುಗಳು ಸಮವಾಗಿಲ್ಲ, ಅಥವಾ ತೋಳು ಹುರಿಯ ನಡುವಿನಲ್ಲಿಲ್ಲ. ಪ್ರತಿ ಎಸೆತಕ್ಕೂ ತೋಳು ಸ್ವಲ್ಪ ಸ್ವಲ್ಪ ಮೇಲಕ್ಕೆ ಜಾರುತ್ತಿದ್ದರೆ ಕಚ್ಚು ಸಾಲದು, ಇನ್ನೊಂದು ಅರ್ಧ ಮಿ.ಮೀ. ಅರ ಹಾಕಬೇಕು. ಉಂಡೆ ಮುಂದೆ ಹೋಗದೆ ನೆಲಕ್ಕೇ ಬಡಿಯುತ್ತಿದ್ದರೆ ಮುಚ್ಚಳದ ಅಂಚು ಅದನ್ನು ಬಿಡುತ್ತಿಲ್ಲ. ಅಂಚನ್ನು ಕತ್ತರಿಸಿ ಗಿಡ್ಡ ಮಾಡಿ. ನೈಲಾನ್ ಹೊಸದಿದ್ದಾಗ ಮೊದಲ ದಿನ ಹಿಗ್ಗಿ ಸಡಿಲಾಗುವುದು ಸಹಜ. ಗಂಟು ಬಿಚ್ಚಿ ಒಮ್ಮೆ ಬಿಗಿದು ಕಟ್ಟಿದ ಮೇಲೆ ಬಹುಕಾಲ ನಿಲ್ಲುತ್ತದೆ.

ಬಣ್ಣ ಬೇಕೆನ್ನುವ ಮಕ್ಕಳಿಗೆ ಅರಿಸಿನ ಕದಡಿದ ನೀರನ್ನು ಬಟ್ಟೆಯಿಂದ ಸವರಲು ಕೊಡಬಹುದು. ಚನ್ನಪಟ್ಟಣದ ಆಟಿಕೆಗಳ ಹಳದಿಗೂ ಅರಿಸಿನವನ್ನು ಬಳಸುವುದುಂಟು, ಆದರೆ ಅಲ್ಲಿ ಅದನ್ನು ಅರಗಿನ ಜೊತೆ ಬೆರೆಸಿ ಚರಕಿಯಲ್ಲಿ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ನಮ್ಮ ಬಣ್ಣ ಬಿಸಿಲಿಗೆ ಮಾಸುತ್ತದೆ, ಮತ್ತೆ ಹಚ್ಚಿದರಾಯಿತು.

ಆಟ ಮುಗಿದ ಮೇಲೆ ಯಂತ್ರವನ್ನು ಹಾಗೆಯೇ ಕಪಾಟಿಗೆ ಸೇರಿಸಬೇಡಿ. ಬೀಗದ ಮೊಳೆ ಕಿತ್ತು, ತೋಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಟ್ಟು, ಎರಡು ಬದಿಯ ಕಡ್ಡಿಗಳನ್ನೂ ಹಿಂದಕ್ಕೆ ತಿರುಗಿಸಿ ಹುರಿಯನ್ನು ಸಡಿಲಿಸಿಡಬೇಕು. ಬಿಗಿದೇ ಇಟ್ಟ ಹುರಿ ವಾರದೊಳಗೆ ಹಿಗ್ಗಿ ಸತ್ವ ಕಳೆದುಕೊಳ್ಳುತ್ತದೆ, ಜೊತೆಗೆ ಕುತೂಹಲದಿಂದ ಮೊಳೆ ಕಿತ್ತ ಪುಟ್ಟ ಮಗುವಿನ ಬೆರಳಿಗೂ ಏಟು ಬಿದ್ದೀತು. ಎಷ್ಟು ಸುತ್ತು ಇತ್ತೆಂಬುದನ್ನು ಬದಿಪಟ್ಟಿಯ ಒಳಮುಖದಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟರೆ ಮುಂದಿನ ಭಾನುವಾರ ಅಲ್ಲಿಂದಲೇ ಆರಂಭಿಸಬಹುದು.